ಚಂದ್ರ ಕುಗ್ಗಿದರೆ ನನ್ನ ಸೈಟು ಎಷ್ಟಾಯ್ತು?

ಮತ್ತೆ ಶುರುವಾಗಿದೆ. ಮೊನ್ನೆ ರಾತ್ರಿ ಊಟಕ್ಕೆ ಕೂತರೆ ಟೀವಿಯಲ್ಲಿ ಚಂದ್ರ ಗಡಗಡ ನಡುಗುತ್ತಿದ್ದ. ಕೆಳಗೆ ಕೆಂಪು ಪಟ್ಟಿ: 'ಕುಗ್ಗುತ್ತಿದ್ದಾನೆ ಚಂದ್ರ! ಭೂಮಿಗೆ ಕಾದಿದೆಯಾ ಕಂಟಕ?' ಹಿಂದಿನಿಂದ ಗುಡುಗಿನ ಸದ್ದು ಬೇರೆ. ಗಾಳಿಯೇ ಇಲ್ಲದ ಕಡೆ ಗುಡುಗು ತರಿಸಿದ ಆ ಪುಣ್ಯಾತ್ಮನಿಗೆ ಒಂದು ಶಾಲು ಹೊದಿಸಲೇಬೇಕು.

ಕುಗ್ಗಿರುವುದೇನೋ ನಿಜ. ಹತ್ತಾರು ಕೋಟಿ ವರ್ಷಗಳಲ್ಲಿ ಸುಮಾರು 50 ಮೀಟರ್ ತೆಳ್ಳಗಾಗಿದ್ದಾನೆ. ಒಳಗಿನ ಬಿಸಿ ಆರಿ ಹೊಟ್ಟೆ ಇಳಿಯಿತು, ಮೇಲಿನ ಚಿಪ್ಪು ಮಾತ್ರ ಹಳೇ ಅಳತೆಯದ್ದೇ. ಗಂಜಿ ಹಾಕಿದ ಪಂಚೆ ಇದ್ದ ಹಾಗೆ, ಬಗ್ಗುವುದಿಲ್ಲ. ಹಾಗಾಗಿ ಚಿಪ್ಪು ಬಿರುಕು ಬಿಟ್ಟು ಒಂದು ತುಂಡು ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ಅಲ್ಲೊಂದು ದಿಬ್ಬ ಏಳುತ್ತದೆ. ಇಂಥವು ಸಾವಿರಾರು ಇವೆ. 1972ರಲ್ಲಿ ಚಂದ್ರನ ಮೇಲಿಳಿದ ಅಪೊಲೊ 17ರ ಗಗನಯಾತ್ರಿಗಳು ಸರ್ನನ್, ಶ್ಮಿಟ್ ಇಬ್ಬರೂ ಲೀ-ಲಿಂಕನ್ ಎಂಬ ದಿಬ್ಬವನ್ನು ಗಾಡಿಯಲ್ಲೇ ಹತ್ತಿ ಬಂದರು. ಅಂದರೆ ನಮ್ಮ 'ಬ್ರೇಕಿಂಗ್' ನ್ಯೂಸ್ ಮೇಲೆ ಆಗಲೇ ಚಕ್ರ ಉರುಳಿದೆ.

ಪ್ಯಾನೆಲ್‌ನಲ್ಲಿ ಒಬ್ಬರು ಗುರೂಜಿ. ಕಟಕ ರಾಶಿಗೆ ಚಂದ್ರನೇ ಅಧಿಪತಿ, ಹಾಗಾಗಿ ಆ ರಾಶಿಯವರು ಸೋಮವಾರ ಹಾಲು ದಾನ ಮಾಡಬೇಕಂತೆ. ಸರಿ ಸ್ವಾಮಿ, ಬುಧನ ಕಥೆ ಏನು? ಅವನ ತ್ರಿಜ್ಯವೇ ಸುಮಾರು 7 ಕಿಲೋಮೀಟರ್ ಕಮ್ಮಿಯಾಗಿದೆ. ಅವನ ಮೈಮೇಲೆ 'ಡಿಸ್ಕವರಿ' ಅಂತ ಒಂದು ಬಂಡೆಗೋಡೆ ಇದೆ, ಸುಮಾರು 650 ಕಿಲೋಮೀಟರ್ ಉದ್ದ. ಬೆಂಗಳೂರಲ್ಲಿ ಶುರುವಾದರೆ ಬೀದರ್ ಹತ್ತಿರ ಹೋಗಿ ಮುಗಿಯುವಷ್ಟು! ಇಷ್ಟಾದರೂ ಅವನೇ ಅಧಿಪತಿಯಾದ ಮಿಥುನ, ಕನ್ಯಾ ರಾಶಿಯವರಿಗೆ ಒಂದು ಲೋಟ ಹಾಲಿನ ಖರ್ಚೂ ಇಲ್ಲ. ಪಾಪ, ಬುಧನಿಗೆ ಟಿಆರ್‌ಪಿ ಇಲ್ಲ.

ಗೋಡೆಯ ಮಾತು ಬಂತು ಅಂತ ಹೇಳುತ್ತೇನೆ, ಯುರೇನಸ್‌ನ ಉಪಗ್ರಹ ಮಿರಾಂಡಾದಲ್ಲಿ ವೆರೋನಾ ಎಂಬ ಕಡಿದಾದ ಗೋಡೆ ಇದೆ. ಎತ್ತರ 20 ಕಿಲೋಮೀಟರ್ ಇರಬಹುದೆಂಬ ಅಂದಾಜು. ಗುರುತ್ವ ಎಷ್ಟು ಕಮ್ಮಿಯೆಂದರೆ, ಮೇಲಿಂದ ಬಿದ್ದವನು ಕೆಳಗೆ ಮುಟ್ಟಲು ಹನ್ನೆರಡು ನಿಮಿಷ ಬೇಕು. ಚಾನೆಲ್‌ನವರಿಗೆ ಒಂದು ಜಾಹೀರಾತು ಬ್ರೇಕ್ ಮುಗಿಸುವಷ್ಟು ಟೈಮು.

ನಮ್ಮ ಬೀದಿಯ ಮೂರ್ತಿ ರಾಯರದ್ದು ಬೇರೆ ಚಿಂತೆ. ಇಂಟರ್ನೆಟ್‌ನಲ್ಲಿ ಚಂದ್ರನ ಮೇಲೊಂದು ಸೈಟು ತಗೊಂಡಿದ್ದಾರೆ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದಾರೆ. ಚಂದ್ರ ಯಾವ ದೇಶದ ಸ್ವತ್ತೂ ಅಲ್ಲ ಅಂತ 1967ರಲ್ಲೇ ಒಪ್ಪಂದ ಆಗಿದೆ ಅಂದೆ. "ಅದು ಬಿಡಿ ಸಾರ್, ಕುಗ್ಗಿದರೆ ಮೂವತ್ತು-ನಲವತ್ತರಲ್ಲಿ ಎಷ್ಟು ಹೋಗತ್ತೆ?" ಅಂದರು. ಪಕ್ಕದವನ ಚಿಪ್ಪು ನಿಮ್ಮ ಸೈಟಿನ ಮೇಲೆ ಹತ್ತಿದರೆ ಅದು ಒತ್ತುವರಿಯೋ, ಭೂಕಂಪವೋ? ತಹಶೀಲ್ದಾರರೇ ಹೇಳಬೇಕು.

ನಗು ಇಲ್ಲಿಗೆ ಸಾಕು. ಚಂದ್ರ ನಡುಗುವುದನ್ನು ಅಳೆಯಲೆಂದೇ ಚಂದ್ರಯಾನ-3ರಲ್ಲಿ ಇಲ್ಸಾ ಎಂಬ ಕಂಪನಮಾಪಕ ಇತ್ತು. ಅದು ತಯಾರಾದದ್ದು ಇದೇ ಬೆಂಗಳೂರಲ್ಲಿ. 2023ರ ಆಗಸ್ಟ್ 26ರಂದು ಅದು ಒಂದು ಕಂಪನವನ್ನು ಹಿಡಿಯಿತು. ಸಹಜವಾಗಿ ಆದದ್ದಿರಬೇಕು ಅಂತ ಇಸ್ರೋ ಹೇಳಿತು. ಅದನ್ನು ಕಟ್ಟಿದವರು ಸ್ಟುಡಿಯೋದಿಂದ ಆಟೋ ದೂರದಲ್ಲಿದ್ದಾರೆ. ಅವರನ್ನು ಕರೆಯಬಹುದಿತ್ತು. ಫೋನಲ್ಲಾದರೂ ಕೇಳಬಹುದಿತ್ತು. ಕೇಳಲಿಲ್ಲ. ಒಂದು ಗಂಟೆ ಪೂರ್ತಿ ಮನೆಮನೆಗೂ ಹೆದರಿಕೆ ಮಾರಿದರು. ನಮ್ಮ ಅತ್ತೆ ಆ ರಾತ್ರಿ ನಿಜವಾಗಲೂ ನಿದ್ದೆ ಮಾಡಲಿಲ್ಲ.

ಅವರದ್ದು ಕಟಕ ರಾಶಿ. ಬೆಳಿಗ್ಗೆ ಕಾಫಿಗೆ ಹಾಲಿರಲಿಲ್ಲ.