ಮೆಲ್ವಿಲ್‌ಗೆ ತಿಮಿಂಗಿಲ ಗೊತ್ತಿರಲಿಲ್ವಾ? ಒಂದು ಸ್ಪಷ್ಟನೆ

‘ಮೋಬಿ ಡಿಕ್’ ಕಾದಂಬರಿಯಲ್ಲಿ ತಿಮಿಂಗಿಲವನ್ನು ಮೀನು ಅಂದಿದ್ದಾರೆ, ಅದನ್ನು ಬರೆದ ಹರ್ಮನ್ ಮೆಲ್ವಿಲ್‌ಗೆ ಅಷ್ಟೂ ಗೊತ್ತಿರಲಿಲ್ಲ ಎಂಬ ಮೆಸೇಜು ಕಾರವಾರದ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

1851ರ ಆ ಪುಸ್ತಕದ 32ನೇ ಅಧ್ಯಾಯ ತೆಗೆದು ನೋಡಿ. ತಿಮಿಂಗಿಲಕ್ಕೆ ಶ್ವಾಸಕೋಶ ಇದೆ, ರಕ್ತ ಬಿಸಿ, ಜೀವಿಗಳನ್ನು ವರ್ಗೀಕರಿಸಿದ ವಿಜ್ಞಾನಿ ಲಿನ್ನೇಯಸ್ ಅದನ್ನು ಮೀನುಗಳಿಂದ ಬೇರೆ ಮಾಡಿದ್ದಾನೆ ಎಂದು ಕಥೆ ಹೇಳುವ ಇಷ್ಮಾಯಿಲನೇ ಬರೆಯುತ್ತಾನೆ. ಆಮೇಲೆ ಬೇಕಂತಲೇ ಮೀನು ಅಂತ ಹಠ ಹಿಡಿಯುತ್ತಾನೆ. ಸಾಕ್ಷಿಗೆ, ದೊಡ್ಡ ಮೀನಿನ ಹೊಟ್ಟೆ ಸೇರಿದ್ದ ಬೈಬಲ್ಲಿನ ಯೋನನನ್ನು ಕರೆಯುತ್ತಾನೆ! ಸುಮ್ನೆ ತಮಾಷೆ, ಅಲ್ವಾ?

ಅವನ ಲೆಕ್ಕದಲ್ಲಿ ತಿಮಿಂಗಿಲ ಎಂದರೆ ಕಾರಂಜಿ ಚಿಮ್ಮಿಸುವ, ಅಡ್ಡ ಬಾಲದ ಮೀನು. ಬಾಲದ ಮಾತಂತೂ ಪಕ್ಕಾ. ಬೈತಖೋಲ ಬಂದರಿನಲ್ಲಿ ಬಂಗಡೆ ನೋಡಿ, ಬಾಲ ನೆಟ್ಟಗೆ ನಿಂತಿರುತ್ತದೆ. ಕೂರ್ಮಗಡ ದ್ವೀಪದ ಹತ್ತಿರ ನೆಗೆಯುವ ಡಾಲ್ಫಿನ್‌ನದು ಅಡ್ಡ.

ಕಾದಂಬರಿಯ ತಿಮಿಂಗಿಲ ಬೇಟೆಗಾರರ ಬಾಯಲ್ಲೂ ಅದು ಮೀನೇ. ಅವರ ಕಾನೂನಿನಲ್ಲಿ ಹಗ್ಗಕ್ಕೆ ಸಿಕ್ಕಿದ ‘ಮೀನು’ ಆ ಹಗ್ಗ ಹಿಡಿದವರದು, ಹಗ್ಗವಿಲ್ಲದೆ ಬಿಡಿಯಾಗಿದ್ದದ್ದು ಮೊದಲು ಹಿಡಿದವರಿಗೆ. ಈ ಕಾನೂನಿಗೆ 89ನೇ ಅಧ್ಯಾಯವೇ ಇದೆ.