ಹಳಿಯಿಲ್ಲದ ನಾಡಿನಿಂದ ದೂರದ ರೈಲಿಗೆ

ದೆಹಲಿಯಲ್ಲಿರುವ ಮಗಳ ಮನೆಗೆ ಹೋಗಿ ಬಂದೆ. ರೈಲಿನಲ್ಲಿ, ಸ್ಲೀಪರ್ ಬೋಗಿಯಲ್ಲಿ. ಕೊಡಗಿನ ನಮ್ಮ ಗೋಣಿಕೊಪ್ಪಲಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು: "ಕಣ್ಣೂರಿನಲ್ಲಿ ವಿಮಾನ ನಿಲ್ದಾಣ 2018ರಲ್ಲೇ ಆಯಿತಲ್ಲ, ಸುಮ್ಮನೆ ಎರಡು ರಾತ್ರಿ ಯಾಕೆ ಕಳೆದುಕೊಂಡಿರಿ?" ದಾರಿಯಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ರೈಲು ಹಳಿ ಇಲ್ಲ. ಆದರೂ ದೂರದ ರೈಲಿನ ಋಣ ನಮ್ಮ ಮೇಲೆ ದೊಡ್ಡದು. ಸೈನ್ಯದಲ್ಲಿದ್ದ ಅಪ್ಪ ರಜೆಗೆ ಬಂದದ್ದೂ ರಜೆ ಮುಗಿಸಿ ಹೋದದ್ದೂ ರೈಲಿನಲ್ಲೇ. ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು. ಒಂದು ವರ್ಷ ನಾವೂ ಅವರ ಜೊತೆ ಪಠಾಣ್‌ಕೋಟ್‌ಗೆ ಹೊರಟೆವು. ಅವ್ವ ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಕಟ್ಟಿಕೊಂಡಿದ್ದರು; ಜೊತೆಗೆ ತೋಟದ ಕಿತ್ತಳೆ ಒಂದು ಚೀಲ. ಎರಡನೆಯ ದಿನ ಅವ್ವ ಕಿತ್ತಳೆಯನ್ನು ಎದುರು ಸೀಟಿನವರಿಗೆಲ್ಲ ಹಂಚಿದರು. ನಮ್ಮ ಭಾಷೆ ತಿಳಿಯದ ಒಬ್ಬ ಅಜ್ಜಿ ಎಲ್ಲರ ಕೈಯಿಂದ ಸಿಪ್ಪೆಗಳನ್ನು ಕೇಳಿ ಪಡೆದು, ಕಿಟಕಿಯ ಬಿಸಿಲಿಗೆ ಒಣಗಿಸಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಆ ಗಂಟು ಯಾವ ಊರಿಗೆ ಹೋಯಿತೋ, ಇಂದಿಗೂ ನೆನಪಾಗುತ್ತದೆ.

ಸ್ಲೀಪರ್ ಬೋಗಿಯ ಸಂಗತಿಯೇ ಬೇರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಲಗುವ ಹೊತ್ತು. ಬೆಳಗಾದ ಮೇಲೆ ಮಧ್ಯದ ಬರ್ತ್ ಇಳಿಯಲೇಬೇಕು. ಇಳಿಯಿತೆಂದರೆ ಕೆಳಗಿನ ಬರ್ತ್ ಒಬ್ಬರದಲ್ಲ, ಮೂವರದು. ಯಾರು ಯಾವ ಜಾತಿ, ಎಷ್ಟು ಸಂಬಳ ಎಂದು ಕೇಳದೆ ಜರುಗಿ ಜಾಗ ಕೊಡಬೇಕು. ಹೀಗೆ ಇಡೀ ಹಗಲು ಅಪರಿಚಿತರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಜಾಗ ನಮ್ಮ ದೇಶದಲ್ಲಿ ಬೇರೆ ಎಲ್ಲಿದೆ? ಈ ಸಲ ನನ್ನ ಪಕ್ಕದಲ್ಲಿದ್ದ ಟೈಲ್ಸ್ ಕೆಲಸದ ಹುಡುಗ, ಸೊಲ್ಲಾಪುರ ದಾಟುವ ಮೊದಲೇ ತನ್ನ ತಂಗಿಯ ಮದುವೆಯ ಲೆಕ್ಕವನ್ನೆಲ್ಲ ನನಗೆ ಒಪ್ಪಿಸಿದ್ದ.

ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಸುಮಾರು 2,400 ಕಿ.ಮೀ. ಓಡುತ್ತದೆ. ಕೆಂಪು ಮಣ್ಣು ಎಲ್ಲಿ ಮುಗಿಯಿತೆಂದು ತಿಳಿಯುವುದೇ ಇಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಕಪ್ಪು ಮಣ್ಣು, ಕಲಬುರಗಿ ಕಡೆಯ ತೊಗರಿ ಹೊಲ. ಕಾಫಿ ಬೆಳೆಯುವವನಾದ್ದರಿಂದ ನನ್ನ ಕಿವಿ ಒಂದನ್ನು ಮಾತ್ರ ತಪ್ಪದೆ ಹಿಡಿಯುತ್ತದೆ: "ಕಾಫಿ, ಕಾಫಿ" ಎಂಬ ಕೂಗು ಕ್ರಮೇಣ ನಿಂತು "ಚಾಯ್" ಒಂದೇ ಉಳಿಯುವ ಗಳಿಗೆ. ಕೃಷ್ಣೆ, ನರ್ಮದೆಗಳು ಕತ್ತಲಲ್ಲಿ ಬಂದರೂ ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾಗಿ ಎಚ್ಚರವಾಗುತ್ತದೆ. ದೇಶ ದೊಡ್ಡದು ಎಂಬುದನ್ನು ನಾನು ಮೈಯಿಂದ ತಿಳಿದುಕೊಂಡದ್ದು ಹೀಗೆ.

ಹಾಗೆಂದು ಕೊಡಗಿಗೂ ಹಳಿ ಬರಲಿ ಎಂದು ನಾನು ಕೇಳುವುದಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಮಾರ್ಗದ ಪ್ರಸ್ತಾಪ ಬಹಳ ಕಾಲದಿಂದ ಇದೆ. ತಲಶ್ಶೇರಿ ಕಡೆಯಿಂದ ಕಾಡು ಸೀಳಿ ಬರುವ ಮಾರ್ಗದ ಮಾತೂ ಆಗಾಗ ಎದ್ದಿದೆ. ಅದನ್ನಂತೂ ನಾನು ಬಲವಾಗಿ ವಿರೋಧಿಸುತ್ತೇನೆ. 2018ರ ಭೂಕುಸಿತ ಕಂಡವರಿಗೆ ಈ ಗುಡ್ಡಗಳ ಮೇಲೆ ಇನ್ನಷ್ಟು ಭಾರ ಹೇರುವ ಮನಸ್ಸು ಬರಬಾರದು. ಬಸ್ಸಿನಲ್ಲಿ ಮೈಸೂರಿಗೆ ಹೋಗಿ ರೈಲು ಹತ್ತುವುದು ನನಗೆ ಕಷ್ಟವಲ್ಲ.

ನಾನು ಕೇಳುವುದು ಇಷ್ಟೇ. ದೂರದ ರೈಲುಗಳಲ್ಲಿ ಸ್ಲೀಪರ್ ಮತ್ತು ಜನರಲ್ ಬೋಗಿಗಳನ್ನು ಕಡಿಮೆ ಮಾಡಬೇಡಿ. ವಂದೇ ಭಾರತ್ ಓಡಲಿ, ಎ.ಸಿ. ಬೋಗಿಗಳೂ ಇರಲಿ. ಆದರೆ ನಮ್ಮ ತೋಟಗಳ ಕಾಫಿ ಕೊಯ್ಯಲು ಅಸ್ಸಾಮಿನಿಂದ ಬರುವವರು ಯಾವ ಬೋಗಿಯಲ್ಲಿ ಬರಬೇಕು? ಶೌಚಾಲಯದ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎರಡು ಮೂರು ದಿನ ಕಳೆದು, ಇಳಿದ ಮಾರನೆಯ ದಿನವೇ ಅವರು ಗಿಡದ ಮುಂದೆ ನಿಲ್ಲುತ್ತಾರೆ. ಬೆಳೆಗಾರರಾದ ನಾವು ಈ ಮಾತನ್ನು ಎತ್ತದಿದ್ದರೆ ಬೇರೆ ಯಾರು ಎತ್ತಬೇಕು?

ಹಿಂತಿರುಗುವಾಗ ಬೆಂಗಳೂರಿನಿಂದ ಮೈಸೂರಿನ ರೈಲಿನಲ್ಲಿ ಅಂಥ ಒಬ್ಬ ಹುಡುಗ ಎದುರಿಗಿದ್ದ. ಊರು ಬಿಟ್ಟು ನಾಲ್ಕನೆಯ ದಿನ, ಮಡಿಕೇರಿ ಹತ್ತಿರದ ತೋಟವೊಂದಕ್ಕೆ ಮೊದಲ ಸಲ ಹೊರಟವನು. ಶ್ರೀರಂಗಪಟ್ಟಣದ ಸೇತುವೆ ಬಂತು. ಅವ್ವ ಮಾಡುತ್ತಿದ್ದಂತೆ ನಾನೂ ಒಂದು ನಾಣ್ಯ ಎಸೆದೆ. ಅವನು ಯಾವ ನದಿ ಎಂದು ಕೇಳಿದ. "ಕಾವೇರಿ. ನೀನು ಹೋಗುತ್ತಿರುವ ನಾಡಿನಲ್ಲೇ ಹುಟ್ಟುತ್ತಾಳೆ" ಎಂದೆ, ನನಗೆ ಬಂದ ಹಿಂದಿಯಲ್ಲಿ. ಅವನು ಎದ್ದು ಕಿಟಕಿಗೆ ಬಂದ. ನಾನು ಜರುಗಿ ಜಾಗ ಕೊಟ್ಟೆ.