ಸಿಡಿ ಯಾರು ಹಾಕ್ತಾರೆ ಅಂತ ಇನ್ನೊಮ್ಮೆ ಕೇಳಬೇಡಿ

"ಈಗ ಸಿಡಿ ಯಾರು ಹಾಕ್ತಾರೆ ಸರ್?" ಈ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಹಾಕುವವರು ಇದ್ದಾರೆ ಮಾರಾಯ್ರೇ! ಆಸ್ಪತ್ರೆಗೆ ಅಲೆಯುವವರೆಲ್ಲ ಹಾಕಬೇಕು. ಎಂಆರ್‌ಐ ಮಾಡಿಸಿ ದುಡ್ಡು ಕಟ್ಟಿದ ಮೇಲೆ ಕೈಗೆ ಬರುವುದು ದೊಡ್ಡ ಕವರಿನಲ್ಲಿ ಫಿಲ್ಮು, ಅದರ ಜೊತೆ ಒಂದು ಸಿಡಿ.

ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಸೊಂಟನೋವು. ಸ್ಕ್ಯಾನಿಂಗಿಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಸಿರಸಿಯಿಂದ ಅಲ್ಲಿಗೆ ಹತ್ತಿರ ಹತ್ತಿರ 100 ಕಿಲೋಮೀಟರ್. ಸೊಂಟ ಹಿಡಿದವರನ್ನು ಅಷ್ಟು ದೂರ ಕೂರಿಸಿಕೊಂಡು ಹೋಗುವುದು ಏನು ಅಂತ ಹೋದವರಿಗೇ ಗೊತ್ತು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಉತ್ತರ ಕನ್ನಡದವರೆಲ್ಲ ಕೂಗಿದ್ದೆವು. ಇರಲಿ, ಅದನ್ನು ಹಿಡಿದರೆ ಇವತ್ತು ಮುಗಿಯುವುದಿಲ್ಲ.

ಬೆಂಗಳೂರಿನಲ್ಲಿ ನಮ್ಮ ಭಾವ ಡಾಕ್ಟರು. ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಇದ್ರಲ್ಲಿ ನಿಮ್ಮನೆ ತೋಟ ಚಂದ ಕಾಣ್ತು, ಅತ್ತೆ ಬೆನ್ನುಮೂಳೆ ಕಾಣ್ತಿಲ್ಲೆ. ಸಿಡಿಲಿ ಇಪ್ಪದನ್ನೇ ಕಳ್ಸು."

ಸರಿ, ಹಳೆ ಲ್ಯಾಪ್‌ಟಾಪ್ ತೆಗೆದೆ. ಡಿವಿಡಿ ಡ್ರೈವ್ ಇರುವುದು ಅದೊಂದರಲ್ಲೇ. ಬಟನ್ ಒತ್ತಿದರೆ ಟ್ರೇ ಹೊರಗೆ ಬರುತ್ತದೆ, ಸಿಡಿ ಇಟ್ಟರೆ ತಿರುಗುತ್ತದೆ, ಹಸಿರು ದೀಪವೂ ಮಿನುಗುತ್ತದೆ. ಆದರೆ ಕಂಪ್ಯೂಟರ್ ಒಳಗೆ ನೋಡಿದರೆ ಸಿ ಇದೆ, ಡಿ ಇದೆ, ಡಿವಿಡಿ ಡ್ರೈವ್ ಮಾತ್ರ ಇಲ್ಲ!

ರಿಪೇರಿ ಅಂಗಡಿಗೆ ಒಯ್ದೆ. ಆ ಹುಡುಗ ಆನ್ ಕೂಡ ಮಾಡಲಿಲ್ಲ. ಮಡಚಿದ್ದ ಲ್ಯಾಪ್‌ಟಾಪಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿ, "ಮಳೆಗಾಲ ಅಲ್ವಾ ಸರ್, ಥಂಡಿಗೆ ಡ್ರೈವ್ ಹೋಗಿದೆ" ಅಂದ. ಹೊಸದು ಹಾಕು ಅಂದರೆ "ಈಗ ಬರೋದಿಲ್ಲ." ಮತ್ತೇನು ಮಾಡೋದು ಅಂದರೆ "ಫಾರ್ಮ್ಯಾಟ್ ಮಾಡಿ ನೋಡೋಣ." ಅಲ್ಲಾ, ಡ್ರೈವೇ ಸತ್ತಿದ್ದರೆ ವಿಂಡೋಸ್ ಫಾರ್ಮ್ಯಾಟ್ ಮಾಡಿದರೆ ಅದಕ್ಕೆ ಜೀವ ಬರುತ್ತದಾ? ಸತ್ತಿಲ್ಲ ಅಂದರೆ ಥಂಡಿ ಕಥೆ ಯಾಕೆ? ಇವರಿಗೆ ಫಾರ್ಮ್ಯಾಟ್ ಅಂದರೆ ದೇವಸ್ಥಾನದ ತೀರ್ಥ ಇದ್ದ ಹಾಗೆ, ಯಾವ ಕಾಯಿಲೆಗೂ ಅದೇ. ನನ್ನ ಫೋಟೋ, ತೋಟದ ಲೆಕ್ಕ ಎಲ್ಲ ಹೋದರೆ ಯಾರು ಕೊಡ್ತಾರೆ? ಮೇಲಿಂದ ಚೆಕಿಂಗ್ ಚಾರ್ಜ್ ಬೇರೆ. ಏನು ಚೆಕ್ ಮಾಡಿದ? ಬೆರಳಲ್ಲಿ ತಟ್ಟಿದ್ದಾ?

ಮನೆಗೆ ತಂದು ನಾನೇ ಕೂತೆ. ಸ್ಟಾರ್ಟ್ ಆಗುವಾಗ ಎಫ್2 ಒತ್ತಿ, ವಿಂಡೋಸ್ ಬರುವ ಮೊದಲೇ ಕಂಪ್ಯೂಟರಿನ ಭಾಗಗಳನ್ನು ಗುರುತಿಸುವ ಬಯೋಸ್‌ಗೆ ಹೋದರೆ ಅಲ್ಲಿ ಡಿವಿಡಿ ಡ್ರೈವಿನ ಹೆಸರು ರಾಜಾರೋಷವಾಗಿ ಕೂತಿದೆ! ಬಯೋಸ್‌ಗೆ ಕಾಣುತ್ತದೆ, ವಿಂಡೋಸ್‌ಗೆ ಕಾಣುವುದಿಲ್ಲ ಅಂದರೆ ಹೆಚ್ಚಾಗಿ ತೊಂದರೆ ಇರುವುದು ಸಾಫ್ಟ್‌ವೇರಿನಲ್ಲಿ. ಇದನ್ನು ನೋಡೋಕೆ ಒಂದು ನಿಮಿಷ ಸಾಕು. ಅಲ್ಲೂ ಕಾಣದಿದ್ದರೆ ಆಗ ಡ್ರೈವನ್ನು ಅನುಮಾನಿಸಬೇಕು. ಇಂಥ ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಅಡಿಯಲ್ಲಿ ಒಂದೇ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿದರೆ ಡ್ರೈವ್ ಪಕ್ಕಕ್ಕೆ ಜಾರಿ ಬರುತ್ತದೆ, ಮತ್ತೆ ಗಟ್ಟಿಯಾಗಿ ಒತ್ತಿ ಕೂರಿಸಿ ನೋಡಬಹುದು. ಅಷ್ಟನ್ನೂ ಅವನು ಮಾಡಲಿಲ್ಲ.

ವಿಂಡೋಸ್‌ನಲ್ಲಿ ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ ಡ್ರೈವಿನ ಹೆಸರಿನ ಮೇಲೆ ಹಳದಿ ತ್ರಿಕೋನ. ಒಳಗೆ ಕೋಡ್ 19. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಡುವ ಜಾಗದಲ್ಲಿ, ಇದರ ವಿವರ ಕೆಟ್ಟಿದೆ ಅಂತ ಅರ್ಥ. ಸಿಡಿ ಬರೆಯುವ ಹಳೆ ಸಾಫ್ಟ್‌ವೇರುಗಳು ತೆಗೆದ ಮೇಲೂ ಅಲ್ಲಿ ತಮ್ಮ ಬಾಲ ಬಿಟ್ಟು ಹೋಗುತ್ತವೆ. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನಲ್ಲಿ ಕಂಟ್ರೋಲ್ ಅಡಿಯ ಕ್ಲಾಸ್ ಫೋಲ್ಡರಿಗೆ ಹೋಗಿ, ಸಿಡಿ, ಡಿವಿಡಿ ಡ್ರೈವಿಗೆ ಸಂಬಂಧಪಟ್ಟ, 4ಡಿ36ಇ965 ಅಂತ ಶುರುವಾಗುವ ಕೀಲಿಯನ್ನು ಹುಡುಕಿದೆ. ಮೊದಲು ಅದನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡೆ. ರಿಜಿಸ್ಟ್ರಿ ಜೊತೆ ಆಟ ಬೇಡ, ನೀವೂ ಹಾಗೇ ಮಾಡಿ. ಆಮೇಲೆ ಬಲಗಡೆ ಬಾಲದ ಹಾಗೆ ಉಳಿದಿದ್ದ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎರಡನ್ನೂ ಡಿಲೀಟ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಡ್ರೈವ್ ಬಂತು! ಥಂಡಿಗೆ ಹೋಗಿದ್ದ ಡ್ರೈವ್! ಸಿಡಿ ಬರೆಯುವ ಸಾಫ್ಟ್‌ವೇರ್ ಬೇಕಿದ್ದವರು ಅದನ್ನು ಮತ್ತೆ ಹಾಕಿಕೊಳ್ಳಬೇಕಾಗಬಹುದು, ನನಗೆ ಬೇಕಿರಲಿಲ್ಲ.

ಸಿಡಿಯಲ್ಲಿದ್ದದ್ದನ್ನೆಲ್ಲ ಕಾಪಿ ಮಾಡಿ ಭಾವನಿಗೆ ಕಳಿಸಿದೆ, ಅವನು ನೋಡಿದ, ಆ ಕೆಲಸ ಆಯಿತು. ನನ್ನ ಸಿಟ್ಟು ಇಳಿದಿಲ್ಲ. ಗೊತ್ತಿಲ್ಲ ಅಂದಿದ್ದರೆ ಬೇಜಾರಿರಲಿಲ್ಲ. ನೋಡದೇ ಹೋಗಿದೆ ಅನ್ನೋದು, ಅದಕ್ಕೆ ದುಡ್ಡು ತಗೊಳ್ಳೋದು ಯಾವ ನ್ಯಾಯ?

ಮತ್ತೆ ಆ ಸ್ಕ್ಯಾನಿಂಗ್ ಸೆಂಟರಿನವರಿಗೂ ಒಂದು ಮಾತು. ಸಿಡಿ ಬೇಡ, ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ಅವತ್ತೇ ಕೇಳಿದ್ದೆ. ವೈರಸ್ ಬರುತ್ತೆ, ಆಗೋದಿಲ್ಲ ಅಂದರು. ಹೋಗಲಿ, ಮೇಲ್ ಮಾಡಿ ಅಂದೆ. ಫೈಲ್ ಜಾಸ್ತಿ ದೊಡ್ಡದು ಅಂದರು. ಒಂದು ಲಿಂಕ್ ಕಳಿಸೋಕೆ ಏನು ಕಷ್ಟ? ಅದನ್ನು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು ಹಿಂದಿನವರ ಟೋಕನ್ ಕೂಗಿದರು.